ಅಮೆರಿಕದ ಸರ್ಕಾರಿ ಶಾಲಾ ಶಿಕ್ಷಕರ ರಾಜಕೀಯ ಅಭಿವ್ಯಕ್ತಿ

ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರಿ ಶಾಲೆಗಳ ಶಿಕ್ಷಕರು ತಮ್ಮ ರಾಜಕೀಯ ಅಭಿಪ್ರಾಯಗಳನ್ನು ತರಗತಿಯ ಒಳಗೆ ಮತ್ತು ಹೊರಗೆ ಎಷ್ಟರ ಮಟ್ಟಿಗೆ ವ್ಯಕ್ತಪಡಿಸಬಹುದು ಎಂಬುದು ಆ ದೇಶದಲ್ಲಿ ದೀರ್ಘಕಾಲದಿಂದ ಚರ್ಚೆಗೆ ಒಳಗಾಗಿರುವ ವಿಷಯವಾಗಿದೆ. ಅಲ್ಲಿ 'ಪಬ್ಲಿಕ್ ಸ್ಕೂಲ್' ಎಂದರೆ ತೆರಿಗೆಯ ಹಣದಿಂದ ನಡೆಯುವ ಸರ್ಕಾರಿ ಶಾಲೆ. ಇಂತಹ ಶಾಲೆಯ ಶಿಕ್ಷಕರು ಸಂವಿಧಾನದ ಮೊದಲನೆಯ ತಿದ್ದುಪಡಿಯ ರಕ್ಷಣೆಯುಳ್ಳ ನಾಗರಿಕರೂ ಹೌದು, ಸರ್ಕಾರ ನಿಗದಿಪಡಿಸಿದ ಪಠ್ಯವನ್ನು ಬೋಧಿಸುವ ನೌಕರರೂ ಹೌದು. ಮಕ್ಕಳ ಹಾಜರಾತಿ ಕಡ್ಡಾಯವಾಗಿರುವುದರಿಂದ ಶಿಕ್ಷಕರ ಮಾತನ್ನು ಕೇಳದೆ ಎದ್ದುಹೋಗುವ ಅವಕಾಶ ಅವರಿಗಿಲ್ಲ. ವಿವಾದದ ಮೂಲ ಇದೇ ಆಗಿದೆ.

ಹಿನ್ನೆಲೆ

ಶೀತಲ ಸಮರದ ಕಾಲದಲ್ಲಿ ಹಲವು ರಾಜ್ಯಗಳು ಶಿಕ್ಷಕರ ರಾಜಕೀಯ ನಿಷ್ಠೆಯನ್ನು ಪರಿಶೀಲಿಸುವ ಕಾನೂನುಗಳನ್ನು ಜಾರಿಗೊಳಿಸಿದವು. ನ್ಯೂಯಾರ್ಕ್ ರಾಜ್ಯದ 1949ರ ಫೈನ್‌ಬರ್ಗ್ ಕಾನೂನು ಇವುಗಳಲ್ಲಿ ಪ್ರಮುಖವಾದುದು. ಸುಪ್ರೀಂ ಕೋರ್ಟ್ 1952ರಲ್ಲಿ ಇದನ್ನು ಎತ್ತಿಹಿಡಿಯಿತು. ಆದರೆ 1967ರಲ್ಲಿ, ಕೀಶಿಯನ್ ಪ್ರಕರಣದಲ್ಲಿ, ಅದರ ಮುಖ್ಯ ಅಂಶಗಳನ್ನು ಅಸಾಂವಿಧಾನಿಕವೆಂದು ಘೋಷಿಸಿತು.

ತರಗತಿಯ ಹೊರಗೆ

ಇಲಿನಾಯ್ ರಾಜ್ಯದ ಶಿಕ್ಷಕ ಮಾರ್ವಿನ್ ಪಿಕರಿಂಗ್ ಅವರು ಶಾಲಾ ಮಂಡಳಿಯ ಹಣಕಾಸು ನಿರ್ವಹಣೆಯನ್ನು ಟೀಕಿಸಿ ಸ್ಥಳೀಯ ಪತ್ರಿಕೆಗೆ ಪತ್ರ ಬರೆದುದಕ್ಕಾಗಿ ಕೆಲಸ ಕಳೆದುಕೊಂಡರು. ಸುಪ್ರೀಂ ಕೋರ್ಟ್ 1968ರಲ್ಲಿ ಅವರ ಪರವಾಗಿ ತೀರ್ಪು ನೀಡಿತು. ಸಾರ್ವಜನಿಕ ಮಹತ್ವದ ವಿಷಯದಲ್ಲಿ ಮಾತನಾಡುವ ನಾಗರಿಕನ ಹಿತವನ್ನೂ ಸೇವೆಯನ್ನು ಸುಗಮವಾಗಿ ನಡೆಸಬೇಕಾದ ಸರ್ಕಾರದ ಹಿತವನ್ನೂ ತೂಗಿ ನೋಡಬೇಕು ಎಂಬ ತತ್ತ್ವವು ಈ ತೀರ್ಪಿನಿಂದ ರೂಪುಗೊಂಡಿತು.

ತರಗತಿಯ ಒಳಗೆ

ತರಗತಿಯೊಳಗಿನ ಅಭಿವ್ಯಕ್ತಿಯ ಬಗ್ಗೆ ನ್ಯಾಯಾಲಯಗಳ ನಿಲುವು ಏಕರೂಪವಾಗಿಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ 1969ರಲ್ಲಿ ಕಪ್ಪು ಪಟ್ಟಿ ಧರಿಸಿ ಪಾಠ ಮಾಡಿದ ನ್ಯೂಯಾರ್ಕ್ ರಾಜ್ಯದ ಶಿಕ್ಷಕರೊಬ್ಬರ ಹಕ್ಕನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯವು 1972ರಲ್ಲಿ ಮಾನ್ಯ ಮಾಡಿತು. ಇಂಡಿಯಾನಾ ರಾಜ್ಯದ ಪ್ರಕರಣದಲ್ಲಿ ಇದಕ್ಕೆ ವ್ಯತಿರಿಕ್ತವಾದ ತೀರ್ಪು ಬಂದಿತು. ಅಲ್ಲಿನ ಶಿಕ್ಷಕಿಯೊಬ್ಬರು 2003ರಲ್ಲಿ ಇರಾಕ್ ಯುದ್ಧದ ಕುರಿತ ಚರ್ಚೆಯ ವೇಳೆ, ತಾವು ಶಾಂತಿಯ ಪರವಾಗಿ ಕಾರಿನ ಹಾರ್ನ್ ಬಾರಿಸಿದ್ದಾಗಿ ಮಕ್ಕಳಿಗೆ ತಿಳಿಸಿದ್ದರು. ಅವರ ಸೇವೆ ಮುಂದುವರಿಯಲಿಲ್ಲ. ಪಾಠದ ವೇಳೆ ಏನು ಹೇಳಬೇಕೆಂಬುದನ್ನು ಶಾಲಾ ಆಡಳಿತವು ನಿಯಂತ್ರಿಸಬಹುದು ಎಂದು 2007ರಲ್ಲಿ ಮತ್ತೊಂದು ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸರ್ಕಾರಿ ನೌಕರರು ಕರ್ತವ್ಯದ ಭಾಗವಾಗಿ ಆಡುವ ಮಾತಿಗೆ ಮೊದಲನೆಯ ತಿದ್ದುಪಡಿಯ ರಕ್ಷಣೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2006ರ ಗಾರ್ಸೆಟಿ ಪ್ರಕರಣದಲ್ಲಿ ಹೇಳಿತ್ತಾದರೂ, ಅದು ಬೋಧನೆಗೂ ಅನ್ವಯಿಸುತ್ತದೆಯೇ ಎಂಬುದನ್ನು ನಿರ್ಧರಿಸಿರಲಿಲ್ಲ.

ರಾಜಕೀಯ ಒಲವು

'ಎಜುಕೇಶನ್ ವೀಕ್' ಪತ್ರಿಕೆಯು 2017ರಲ್ಲಿ ಶಾಲಾ ಶಿಕ್ಷಣ ಕ್ಷೇತ್ರದವರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಶೇ. 41ರಷ್ಟು ಮಂದಿ ತಮ್ಮನ್ನು ಡೆಮಾಕ್ರಟ್ ಎಂದೂ, ಶೇ. 27ರಷ್ಟು ಮಂದಿ ರಿಪಬ್ಲಿಕನ್ ಎಂದೂ, ಶೇ. 30ರಷ್ಟು ಮಂದಿ ಸ್ವತಂತ್ರರೆಂದೂ ಗುರುತಿಸಿಕೊಂಡರು. ಅತಿದೊಡ್ಡ ಶಿಕ್ಷಕ ಸಂಘಟನೆಯಾದ ನ್ಯಾಷನಲ್ ಎಜುಕೇಶನ್ ಅಸೋಸಿಯೇಷನ್ 1976ರಲ್ಲಿ ಮೊದಲ ಬಾರಿಗೆ ಅಧ್ಯಕ್ಷೀಯ ಅಭ್ಯರ್ಥಿಯೊಬ್ಬರನ್ನು, ಅಂದರೆ ಜಿಮ್ಮಿ ಕಾರ್ಟರ್ ಅವರನ್ನು, ಬೆಂಬಲಿಸಿತು. ಸಂಘಟನೆಯ ನಿಲುವನ್ನು ಪ್ರತಿಯೊಬ್ಬ ಸದಸ್ಯರ ನಿಲುವೆಂದು ಭಾವಿಸಲು ಈ ಅಂಕಿಗಳು ಅವಕಾಶ ನೀಡುವುದಿಲ್ಲ.

ವಿದ್ಯಾರ್ಥಿಗಳ ಮೇಲಿನ ಪ್ರಭಾವ

ಶಿಕ್ಷಕರ ಒಲವು ನೇರ ಹೇಳಿಕೆಗಳಲ್ಲಿ ಮಾತ್ರವಲ್ಲದೆ, ಪಠ್ಯಸಾಮಗ್ರಿಯ ಆಯ್ಕೆಯಲ್ಲಿ ಹಾಗೂ ಯಾವ ಪ್ರಶ್ನೆಯನ್ನು ಚರ್ಚಾಸ್ಪದವೆಂದು ಪರಿಗಣಿಸಲಾಗುತ್ತದೆ ಎಂಬುದರಲ್ಲಿಯೂ ವ್ಯಕ್ತವಾಗಬಹುದು. ಶಿಕ್ಷಣತಜ್ಞರಾದ ಡಯಾನಾ ಹೆಸ್ ಮತ್ತು ಪೌಲಾ ಮ್ಯಾಕವೋಯ್ ಅವರು 'ದ ಪೊಲಿಟಿಕಲ್ ಕ್ಲಾಸ್‌ರೂಮ್' (2015) ಕೃತಿಯಲ್ಲಿ, ಅಭಿಪ್ರಾಯವನ್ನು ಹೇಳುವುದು ಅಥವಾ ಮರೆಮಾಡುವುದು ಎಲ್ಲ ಸಂದರ್ಭಗಳಿಗೂ ಒಪ್ಪುವ ನಿಯಮವಾಗಲಾರದು, ಅದು ಶಿಕ್ಷಕರ ವೃತ್ತಿಪರ ವಿವೇಚನೆಗೆ ಸೇರಿದ ವಿಷಯ ಎಂದು ವಾದಿಸಿದ್ದಾರೆ.

ಇತ್ತೀಚಿನ ಕಾನೂನುಗಳು

2021ರಿಂದ ಈಚೆಗೆ ಟೆಕ್ಸಸ್, ಒಕ್ಲಹೋಮ, ಟೆನೆಸ್ಸಿ ಮೊದಲಾದ ರಾಜ್ಯಗಳು ಜನಾಂಗ ಮತ್ತು ಲಿಂಗಕ್ಕೆ ಸಂಬಂಧಿಸಿದ ಬೋಧನೆಯ ಮೇಲೆ ನಿರ್ಬಂಧ ವಿಧಿಸಿವೆ. ಇವು ಮಕ್ಕಳನ್ನು ಪಕ್ಷಪಾತದಿಂದ ರಕ್ಷಿಸುತ್ತವೆ ಎಂಬುದು ಸಮರ್ಥಕರ ವಾದ. ನಿಯಮಗಳು ಅಸ್ಪಷ್ಟವಾಗಿರುವುದರಿಂದ ಶಿಕ್ಷಕರು ಭಯಪಟ್ಟು ಇತಿಹಾಸದ ಅಗತ್ಯ ಪಾಠಗಳನ್ನೂ ಕೈಬಿಡಬಹುದು ಎಂಬುದು ವಿರೋಧಿಗಳ ವಾದ.