ಮುಂದೇನು ಮಾಡ್ತೀಯಪ್ಪಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರವಿಡೀ ಊರ ಕಟ್ಟೆಯ ಮೇಲೆ ಒಂದೇ ಪ್ರಶ್ನೆ: 'ಮುಂದೇನು ಮಾಡ್ತೀಯಪ್ಪಾ?' ಕೇಳುವವರು ಬಹಳ, ಹೇಳಿಕೊಡುವವರು ಇಲ್ಲ. ಹೇಳಿಕೊಡುವುದೂ ಒಂದು ಕೆಲಸವೇ ಅಂದುಕೊಂಡು ಅದಕ್ಕೊಂದು ಕಚೇರಿ ತೆರೆದವನ ಕಥೆ ಅಮೆರಿಕದ ಬಾಸ್ಟನ್ನಿನದು.

ಅವನ ಹೆಸರು ಫ್ರಾಂಕ್ ಪಾರ್ಸನ್ಸ್. ಹುಟ್ಟಿದ್ದು 1854ರಲ್ಲಿ. ಎಂಜಿನಿಯರಿಂಗ್ ಓದಿ ರೈಲ್ವೆ ಕಂಪನಿ ಸೇರಿದ. 1873ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ ಮಾಡಿದ, ಶಾಲೆಯಲ್ಲಿ ಮೇಷ್ಟ್ರಾದ, ವಕೀಲಿಕೆ ಪರೀಕ್ಷೆಗೆ ಓದಿ ಓದಿ ಆರೋಗ್ಯ ಕೆಡಿಸಿಕೊಂಡ, ಕಾನೂನು ಪುಸ್ತಕ ಬರೆದ, 1895ರಲ್ಲಿ ಬಾಸ್ಟನ್ ಮೇಯರ್ ಚುನಾವಣೆಗೆ ನಿಂತು ಸೋತ. ಇಷ್ಟೆಲ್ಲ ಅಲೆದವನಿಗೇ ಬೇರೆಯವರಿಗೆ ದಾರಿ ಹೇಳಬೇಕೆನಿಸಿದ್ದು ನನಗೇನೂ ವಿಚಿತ್ರವಾಗಿ ಕಾಣುವುದಿಲ್ಲ.

ಬಾಸ್ಟನ್ನಿನ ನಾರ್ತ್ ಎಂಡ್ ಆಗ ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ವಲಸಿಗರ ಕೇರಿ. ಹುಡುಗರು ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಮೊದಲು ಸಿಕ್ಕ ಕೆಲಸಕ್ಕೆ ಸೇರಿ, ಅದು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದರು. ಅಪ್ಪ ಅಮ್ಮನಿಗೆ ಆ ದೇಶದ ಭಾಷೆಯೇ ಗೊತ್ತಿಲ್ಲ, ಇನ್ನು ಉದ್ಯೋಗಗಳ ಬಗ್ಗೆ ಏನು ಹೇಳಿಯಾರು? ವಲಸಿಗರಿಗಾಗಿ ಅಲ್ಲಿ ನಡೆಯುತ್ತಿದ್ದ ಸಿವಿಕ್ ಸರ್ವಿಸ್ ಹೌಸ್‌ನಲ್ಲಿ 1908ರ ಜನವರಿಯಲ್ಲಿ ಪಾರ್ಸನ್ಸ್ 'ವೊಕೇಶನ್ ಬ್ಯೂರೋ' ಶುರುಮಾಡಿದ. ಹಣ ಕೊಟ್ಟವರು ಪಾಲಿನ್ ಅಗಾಸಿ ಶಾ ಎಂಬ ದಾನಿ.

ಬಂದವರ ಕೈಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದ. ಏನು ಓದುತ್ತೀಯ, ಸಂಜೆ ಹೊತ್ತು ಹೇಗೆ ಕಳೆಯುತ್ತೀಯ, ಎಷ್ಟು ಸಲ ಸ್ನಾನ ಮಾಡುತ್ತೀಯ ಎಂಬಲ್ಲಿಯವರೆಗೆ! ತಲೆಯ ಆಕಾರವನ್ನೂ ಗಮನಿಸುತ್ತಿದ್ದನಂತೆ. ಅದು ಆ ಕಾಲದ ಮೂಢನಂಬಿಕೆ, ಬಿಡಿ. ಅವನು ಹೇಳಿದ ಮೂಲ ಮಾತು ಮಾತ್ರ ಗಟ್ಟಿ. ನಿನ್ನನ್ನು ನೀನು ತಿಳಿ, ಕೆಲಸಗಳನ್ನೂ ತಿಳಿ, ಆಮೇಲೆ ಎರಡನ್ನೂ ಜೋಡಿಸಿ ನೋಡು. ಯಾವ ಕೆಲಸಕ್ಕೆ ಸಂಬಳವೆಷ್ಟು, ಬಡ್ತಿ ಹೇಗೆ, ತರಬೇತಿ ಎಲ್ಲಿ ಎಂಬುದನ್ನೆಲ್ಲ ಅವನು ಕೂಡಿಹಾಕುತ್ತಿದ್ದ. ತೀರ್ಮಾನ ಹುಡುಗನದೇ, ಸಲಹೆಗಾರನದಲ್ಲ ಅನ್ನುತ್ತಿದ್ದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅವನ 'ಚೂಸಿಂಗ್ ಎ ವೊಕೇಶನ್' ಪುಸ್ತಕ ಹೊರಬಂದದ್ದು 1909ರಲ್ಲಿ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಲಕ್ಷಗಟ್ಟಲೆ ಜನರಿಗೆ ಬುದ್ಧಿ ಪರೀಕ್ಷೆ ಮಾಡಿತು. ಆಮೇಲೆ ಎಲ್ಲೆಲ್ಲೂ ಪರೀಕ್ಷೆಗಳದೇ ಭರಾಟೆ. 'ನಿನ್ನನ್ನು ತಿಳಿ' ಎಂಬ ಅರ್ಧ ಬೆಳೆಯಿತು, 'ಕೆಲಸ ತಿಳಿ' ಎಂಬ ಅರ್ಧ ಹಿಂದೆ ಬಿತ್ತು. ನಮ್ಮ ಹಳ್ಳಿ ಮಕ್ಕಳಿಗೆ ಬೇಕಾದದ್ದು ಈ ಎರಡನೆಯ ಅರ್ಧವೇ. ಮೇಷ್ಟ್ರು, ಪೊಲೀಸು, ನರ್ಸು, ಡ್ರೈವರು: ಕಣ್ಣಿಗೆ ಬಿದ್ದ ಕೆಲಸಗಳಷ್ಟೇ ಅವರ ಕನಸಿಗೆ ಬರುತ್ತವೆ.

ನಮ್ಮ ದೇಶದಲ್ಲಿ ಇದನ್ನು ಯಾರೂ ಯೋಚಿಸಲಿಲ್ಲ ಅಂತಲ್ಲ. 1952ರಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯಲ್ಲಿ ಪ್ರೌಢಶಿಕ್ಷಣ ಆಯೋಗ ನೇಮಕವಾಯಿತು. ಶಾಲೆಗಳಿಗೆ ತರಬೇತಾದ ಮಾರ್ಗದರ್ಶಕರು ಬೇಕು ಎಂದು ಅದು ಹೇಳಿತು. ಜೊತೆಗೆ, ಬೇರೆಬೇರೆ ಉದ್ಯಮಗಳಲ್ಲಿ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆಂದು ಫಿಲ್ಮು ಮಾಡಿ ಮಕ್ಕಳಿಗೆ ತೋರಿಸಿ, ಅಲ್ಲಿಗೇ ಕರೆದುಕೊಂಡೂ ಹೋಗಿ ಎಂದಿತು. ನಮ್ಮ ಹೈಸ್ಕೂಲುಗಳ ಶೈಕ್ಷಣಿಕ ಪ್ರವಾಸದ ಬಸ್ಸು ಈಗಲೂ ಬೇಲೂರು, ಹಳೇಬೀಡು, ಜೋಗ ನೋಡಿಕೊಂಡು ವಾಪಸ್ ಬರುತ್ತದೆ. ದಾರಿಯಲ್ಲಿ ಎಷ್ಟೋ ಕಾರ್ಖಾನೆಗಳ ಗೇಟು ದಾಟಿಕೊಂಡೇ.