ಕಲ್ಲಿನ ಬರೆಹದಿಂದ ಪಹಣಿಯವರೆಗೆ

ನಮ್ಮ ಆವನಿಯ ರಾಮಲಿಂಗೇಶ್ವರ ದೇವಾಲಯಗಳ ಆವರಣದಲ್ಲಿ ನೊಳಂಬರ ಕಾಲದ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಹಳೆಯ ದಾನಶಾಸನಗಳಲ್ಲಿ ಭೂಮಿಯನ್ನು ಕೊಟ್ಟವರು, ಪಡೆದವರು, ಎಲ್ಲೆಗಳು ಹಲವೊಮ್ಮೆ ಒಂದೇ ಕಲ್ಲಿನಲ್ಲಿ ದೊರೆಯುತ್ತವೆ. ಇಂದಿನ ಭೂದಾಖಲೆಯ ಕ್ರಮ ಹಾಗಲ್ಲ. “ಸಾರ್, ಜಮೀನು ರಿಜಿಸ್ಟರ್ ಆಗಿದೆ, ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ಹೆಸರೇ ಬರುತ್ತಿದೆ” ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳುವುದುಂಟು. ಇದಕ್ಕೆ ಉತ್ತರ ಇತಿಹಾಸದಲ್ಲಿದೆ.

ಹಿಂದೆ ಗ್ರಾಮದ ಲೆಕ್ಕ ವಂಶಪಾರಂಪರ್ಯ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯ ಪರಿಣಾಮವಾಗಿ ಆ ಹೊಣೆ ಸರ್ಕಾರಿ ಗ್ರಾಮಲೆಕ್ಕಿಗರಿಗೆ ಬಂತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ ಇದ್ದರು. ಕೈಬರೆಹದ ಪಹಣಿ ಅವರ ಬಳಿಯೇ ಇರುತ್ತಿದ್ದುದರಿಂದ ತಿದ್ದುಪಡಿಗಳಿಗೂ ವಿಳಂಬಕ್ಕೂ ಅವಕಾಶವಿತ್ತು. 2000ರ ನಂತರ ಜಾರಿಗೆ ಬಂದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಆಗ 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ದೊರೆಯುತ್ತಿತ್ತು. ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಗಣಕವನ್ನು ತೆರೆಯಬೇಕಿತ್ತು.

ಆದರೆ ಗಣಕ ಬಂದರೂ 1964ರ ಭೂಕಂದಾಯ ಕಾಯಿದೆಯ ಕ್ರಮ ಬದಲಾಗಲಿಲ್ಲ. ನೋಂದಣಿಯಾದ ಕ್ರಯಪತ್ರವು ಉಪನೋಂದಣಾಧಿಕಾರಿಯ ಕಡತದಲ್ಲಿರುತ್ತದೆ. ಅಲ್ಲಿಂದ ಸೂಚನೆ ಕಂದಾಯ ಇಲಾಖೆಗೆ ಬಂದು, ಮ್ಯುಟೇಶನ್ ವಹಿಯಲ್ಲಿ ದಾಖಲಾಗಿ, ಸಂಬಂಧಪಟ್ಟವರಿಗೆ ನೋಟಿಸ್ ಹೋಗಬೇಕು. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ತಕರಾರಿಗೆ 30 ದಿನ ಕಾಯುತ್ತಿದ್ದರು. ತಕರಾರು ಬಂದರೆ ಪ್ರಕರಣ ವಿವಾದಗಳ ವಹಿಗೆ ಹೋಗುತ್ತದೆ. ಬಾರದಿದ್ದರೆ ಆದೇಶವಾದ ಮೇಲೆ ಹೊಸ ಹೆಸರು ಪಹಣಿಗೆ ಏರುತ್ತದೆ. ಗಣಕಶಾಸ್ತ್ರದಲ್ಲಿಯೂ ಹೀಗೆಯೇ. ಬದಲಾವಣೆಯನ್ನು ಟೈಪು ಮಾಡಿದ ಮಾತ್ರಕ್ಕೆ ಅದು ದತ್ತಸಂಚಯದಲ್ಲಿ ನಿಲ್ಲುವುದಿಲ್ಲ. ‘ಕಮಿಟ್’ ಎಂಬ ಅಂತಿಮ ಆಜ್ಞೆ ಬೇಕು. ಅದು ಬರುವವರೆಗೆ ಇತರರಿಗೆ ಹಳೆಯದೇ ಕಾಣುತ್ತದೆ.

ಆದುದರಿಂದ ಹೆಸರು ಬದಲಾಗದಿದ್ದರೆ ಗಾಬರಿಪಡದೆ ಒಂದೊಂದೇ ಹಂತವನ್ನು ವಿಚಾರಿಸಬೇಕು. ಕೈಯಲ್ಲಿರುವ ಪಹಣಿ ಹಳೆಯ ಮುದ್ರಿತ ಪ್ರತಿಯೇ? ಮ್ಯುಟೇಶನ್ ಸಂಖ್ಯೆ ಬಿದ್ದಿದೆಯೇ? ನೋಟಿಸ್ ಹೋಯಿತೇ? ತಕರಾರು ಬಂದಿದೆಯೇ? ಆದೇಶವಾಗಿದೆಯೇ? ಒಂಬತ್ತನೆಯ ಕಲಮಿನಲ್ಲಿ ಹೆಸರನ್ನೂ ಹತ್ತನೆಯದರಲ್ಲಿ ಮ್ಯುಟೇಶನ್ ಸಂಖ್ಯೆಯನ್ನೂ ಕಣ್ಣಾರೆ ನೋಡಬೇಕು. ತಂದೆ ತೀರಿಕೊಂಡ ಸಂದರ್ಭದಲ್ಲಿ ನೋಂದಣಿಯೇ ಇರುವುದಿಲ್ಲವಾದ್ದರಿಂದ ಪೌತಿ ಖಾತೆಗೆ ವಾರಸುದಾರರೇ ಅರ್ಜಿ ಕೊಡಬೇಕು. ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರೇ ಉಳಿದಿರುವುದಕ್ಕೆ ಇದೇ ಕಾರಣ.

ಬೆಳೆಸಾಲಕ್ಕೆ ಬ್ಯಾಂಕು ಕೇಳುವುದು ಪಹಣಿಯನ್ನೇ. ಭೂಸ್ವಾಧೀನದ ಪರಿಹಾರಕ್ಕೂ ಮೊದಲು ನೋಡುವುದು ಅದರಲ್ಲಿರುವ ಹೆಸರನ್ನೇ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿರುವ ನೀವು ಮುಂದಿನ ಸಲ ಊರಿಗೆ ಬಂದಾಗ ಹಿರಿಯರ ಜಮೀನಿನ ಪಹಣಿಯನ್ನು ಒಮ್ಮೆ ತೆಗೆಸಿ ಓದಿರಿ. ಹಿರಿಯರು ಬದುಕಿರುವಾಗಲೇ ಕೇಳಿ ತಿಳಿದುಕೊಳ್ಳುವುದು ಮೇಲು.