ತಡೆಯುವವರ ತಾಲೀಮು

ಫುಟ್‌ಬಾಲ್ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಆಟಗಳು ಲೋಕದಲ್ಲಿ ಪ್ರಸಿದ್ಧವಾಗಿವೆ. ನಮ್ಮ ಊರುಗಳ ಮೈದಾನಗಳಲ್ಲಿ ಹುಡುಗರು ಕಾಲಿನಿಂದ ಒದ್ದು ಆಡುವುದು ಒಂದು. ಅಮೆರಿಕದವರು ಮುಖಕ್ಕೆ ಜಾಲರಿಯುಳ್ಳ ಶಿರಸ್ತ್ರಾಣ ತೊಟ್ಟು, ಹೆಗಲಿಗೆ ಕವಚ ಕಟ್ಟಿ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಆಡುವುದು ಇನ್ನೊಂದು. ಈ ಹೊತ್ತು ನಾನು ಹೇಳಹೊರಟಿರುವುದು ಎರಡನೆಯದರ ವಿಷಯ. ಅದರಲ್ಲಿಯೂ ಪಂದ್ಯಗಳ ವಿಷಯವಲ್ಲ. ಪಂದ್ಯಗಳ ಋತು ಆರಂಭವಾಗುವುದಕ್ಕೆ ಮೊದಲು ಬೇಸಗೆಯ ಬಿಸಿಲಿನಲ್ಲಿ ನಡೆಯುವ ತರಬೇತಿ ಶಿಬಿರಗಳ ವಿಷಯ. ಚೆಂಡು ಹಿಡಿದು ಓಡುವ ವೀರರನ್ನಲ್ಲ, ಅವರನ್ನು ತಡೆದು ಕೆಡಹುವವರನ್ನು, ಆ ಶಿಬಿರಗಳಲ್ಲಿ ಗುರುಗಳಾದವರು ಹೇಗೆ ಪರೀಕ್ಷಿಸಿದರು, ಹೇಗೆ ತಿದ್ದಿದರು ಎಂಬುದು ನನ್ನ ಪ್ರಸ್ತಾಪ. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದವನಿಗೆ ಇದರ ಗೊಡವೆ ಏಕೆಂದು ಕೇಳುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಜೂನ್ ತಿಂಗಳಲ್ಲಿ ಹೊಸ ತರಗತಿಯ ಮುಂದೆ ನಿಂತು, ಈ ಅರವತ್ತು ಮುಖಗಳಲ್ಲಿ ಯಾವುದು ಏನಾದೀತು ಎಂದು ಊಹಿಸಲು ಯತ್ನಿಸಿದ ಯಾವ ಅಧ್ಯಾಪಕನಿಗೂ ಈ ಗೊಡವೆ ಇದ್ದೇ ಇರುತ್ತದೆ.

ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ, ಆಗಸ್ಟ್ ತಿಂಗಳ ಬೆಳಗುಗಳಲ್ಲಿ ಹತ್ತಿರದ ಶಾಲೆಯೊಂದರ ಹುಡುಗರ ಅಭ್ಯಾಸವನ್ನು ನೋಡುತ್ತಿದ್ದೆ. ತರಬೇತುದಾರನು ಒಂದು ಕೋಲಿನ ತುದಿಗೆ ಚೆಂಡನ್ನು ಸಿಕ್ಕಿಸಿ ನೆಲದ ಮೇಲೆ ಹಿಡಿದಿದ್ದನು. ಹುಡುಗರು ಒಂದು ಕೈ ನೆಲಕ್ಕೂರಿ ಬಗ್ಗಿ ಕುಳಿತಿದ್ದರು. ಆತ ಕೂಗಿದನು, ಗದರಿಸಿದನು, ಹೆಜ್ಜೆ ಕುಟ್ಟಿದನು, ಯಾರೂ ಅಲುಗಬಾರದು. ಕೋಲಿನ ತುದಿಯ ಚೆಂಡು ಕದಲಿದ ಕ್ಷಣದಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ಮುನ್ನುಗ್ಗಬೇಕು. ಆ ಆಟದ ಮರ್ಮವೆಲ್ಲ ಈ ಸಣ್ಣ ಅಭ್ಯಾಸದಲ್ಲಿ ಅಡಗಿದೆ. ಆಕ್ರಮಿಸುವ ಹನ್ನೊಂದು ಮಂದಿಗೆ ತಾವು ಎಲ್ಲಿಗೆ ಹೋಗುವವರೆಂಬುದು ಮೊದಲೇ ಗೊತ್ತು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕೆಂಬುದು ಅವರ ಲೆಕ್ಕ. ತಡೆಯುವ ಹನ್ನೊಂದು ಮಂದಿಗೆ ಏನೂ ಗೊತ್ತಿಲ್ಲ. ನೋಡಬೇಕು, ತಿಳಿಯಬೇಕು, ಚಲಿಸಬೇಕು. ಈ ಮೂರೂ ಒಂದು ಉಸಿರಿನೊಳಗೆ ಆಗಬೇಕು. ನಮ್ಮ ಕಬಡ್ಡಿಯಲ್ಲಿ ಕೈಕೈ ಹಿಡಿದು ಸರಪಣಿಯಾಗಿ ನಿಂತವರ ಪಾಡೂ ಇದೇ ಅಲ್ಲವೇ? ಒಬ್ಬನು ಆತುರಪಟ್ಟು ಮುಂದೆ ನುಗ್ಗಿದರೆ ಸರಪಣಿಯೇ ಹರಿಯುತ್ತದೆ.

ತಡೆಯುವವನೆಂಬ ಬೇರೊಂದು ಜಾತಿಯೇ ಆ ಆಟದಲ್ಲಿ ಬಹಳ ಕಾಲ ಇರಲಿಲ್ಲ. ಮೈದಾನಕ್ಕೆ ಇಳಿದವರೇ ಚೆಂಡು ತಮ್ಮ ಕೈಯಲ್ಲಿದ್ದಾಗ ಆಕ್ರಮಿಸಿ, ಎದುರಾಳಿಯ ಕೈಗೆ ಹೋದಾಗ ತಡೆಯಬೇಕಾಗಿತ್ತು. 1941ರಲ್ಲಿ ಕಾಲೇಜು ಆಟದ ನಿಯಮವನ್ನು ಸಡಿಲಿಸಿ, ಆಟಗಾರರನ್ನು ಬೇಕಾದಾಗ ಬದಲಾಯಿಸಲು ಅವಕಾಶ ಮಾಡಿದರು. 1945ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಫ್ರಿಟ್ಜ್ ಕ್ರೈಸ್ಲರ್, ಸೈನ್ಯ ಶಾಲೆಯ ಬಲಿಷ್ಠ ತಂಡದ ಎದುರಿಗೆ ಆಕ್ರಮಣಕ್ಕೆ ಒಂದು ಗುಂಪು, ರಕ್ಷಣೆಗೆ ಒಂದು ಗುಂಪು ಎಂದು ಬೇರ್ಪಡಿಸಿ ನಿಲ್ಲಿಸಿದನು. ಪಂದ್ಯವನ್ನು 28–7ರಿಂದ ಸೋತನು. ಆದರೆ ಸೋತವನ ಉಪಾಯವೇ ಮುಂದೆ ಉಳಿಯಿತು. ವೃತ್ತಿಪರ ತಂಡಗಳು 1950ರಲ್ಲಿ ಈ ಸ್ವಾತಂತ್ರ್ಯವನ್ನು ಶಾಶ್ವತವಾಗಿ ಒಪ್ಪಿಕೊಂಡವು. ಕಾಲೇಜುಗಳು ಮಾತ್ರ 1953ರಲ್ಲಿ ಹಳೆಯ ಪದ್ಧತಿಗೆ ಹಿಂದಿರುಗಿ, ಹತ್ತು ಹನ್ನೆರಡು ವರ್ಷ ಅದರಲ್ಲೇ ಇದ್ದವು. ಈ ಭೇದವನ್ನು ನೆನಪಿನಲ್ಲಿ ಇಟ್ಟುಕೊಂಡರೆ, ಒಂದೇ ಕಾಲದ ಎರಡು ಶಿಬಿರಗಳು ಅಷ್ಟು ಬೇರೆಯಾಗಿದ್ದುದೇಕೆಂಬುದು ಸ್ವಲ್ಪಮಟ್ಟಿಗೆ ಅರ್ಥವಾಗುತ್ತದೆ.

ಮೊದಲನೆಯದು ಟೆಕ್ಸಾಸ್ ಪ್ರಾಂತದ ಜಂಕ್ಷನ್ ಎಂಬ ಸಣ್ಣ ಊರಿನಲ್ಲಿ, 1954ರ ಸೆಪ್ಟೆಂಬರ್ ತಿಂಗಳಲ್ಲಿ ನಡೆದದ್ದು. ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿಗೆ ಆ ವರ್ಷ ಹೊಸದಾಗಿ ಬಂದಿದ್ದ ತರಬೇತುದಾರ ಪಾಲ್ ಬ್ರಯಂಟ್. ಜನ ಅವನನ್ನು ‘ಬೇರ್’, ಎಂದರೆ ಕರಡಿ ಎಂದೇ ಕರೆಯುತ್ತಿದ್ದರು. ಆತ ತನ್ನ ಹುಡುಗರನ್ನು ಬಸ್ಸುಗಳಲ್ಲಿ ತುಂಬಿಸಿಕೊಂಡು ಆ ಊರಿಗೆ ಕರೆದೊಯ್ದನು. ಪ್ರಾಂತಕ್ಕೆಲ್ಲ ಬರಗಾಲ, ಮೈದಾನದಲ್ಲಿ ಹುಲ್ಲಿಗಿಂತ ಮುಳ್ಳು ಕಲ್ಲುಗಳೇ ಹೆಚ್ಚು. ಬೆಳಗಿನ ಜಾವದಿಂದ ಅಭ್ಯಾಸ. ನಡುವೆ ನೀರು ಕುಡಿಯಕೂಡದು. ನೀರು ಕುಡಿದರೆ ಮೈ ಮೆತ್ತಗಾಗುತ್ತದೆಂದು ಆ ಕಾಲದ ಅನೇಕ ತರಬೇತುದಾರರು ನಂಬಿದ್ದರು. ರಾತ್ರಿ ಎದ್ದು ಸದ್ದಿಲ್ಲದೆ ಊರು ಬಿಟ್ಟವರು ಹಲವರು. ಹೋದವರು ಸುಮಾರು ನೂರು, ಕೊನೆಯವರೆಗೆ ಉಳಿದವರು ಮೂವತ್ತೈದು ಎಂಬುದು ರೂಢಿಯಲ್ಲಿರುವ ಎಣಿಕೆ. ಒಬ್ಬ ಹುಡುಗನು ಬಿಸಿಲಿನ ಹೊಡೆತದಿಂದ ಸಾವಿನ ಬಾಗಿಲಿನವರೆಗೆ ಹೋಗಿ ಬಂದನು.

ಆ ವರ್ಷ ತಂಡವು ಹತ್ತು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಎರಡು ವರ್ಷಗಳ ತರುವಾಯ, 1956ರಲ್ಲಿ, ಒಂದನ್ನೂ ಸೋಲದೆ ತನ್ನ ವಲಯದ ಪ್ರಶಸ್ತಿಯನ್ನು ಪಡೆಯಿತು. ಜಂಕ್ಷನ್‌ನಲ್ಲಿ ಉಳಿದವರಲ್ಲಿ ಒಬ್ಬನಾದ ಜ್ಯಾಕ್ ಪಾರ್ಡಿ ಮುಂದೆ ವೃತ್ತಿಪರ ಆಟದಲ್ಲಿ ರಕ್ಷಣಾ ಪಂಕ್ತಿಯ ದೊಡ್ಡ ಹೆಸರಾದನು. ಇದನ್ನೇ ಮುಂದಿಟ್ಟು, ಬೆಂಕಿಯಲ್ಲಿ ಕಾಯಿಸಿದ್ದರಿಂದಲೇ ಚಿನ್ನ ಹೊರಬಂದಿತೆಂದು ಕಥೆ ಕಟ್ಟಿದವರು ಬಹಳ. ನನಗೆ ಆ ತರ್ಕ ಒಪ್ಪಿಗೆಯಾಗುವುದಿಲ್ಲ. ಓಡಿಹೋದ ಅರವತ್ತು ಎಪ್ಪತ್ತು ಮಂದಿಯಲ್ಲಿ ಎಷ್ಟು ಜನ ಪಾರ್ಡಿಗಳಿದ್ದರೆಂದು ಎಣಿಸಿದವರಿಲ್ಲ. ಬಾಯಾರಿಕೆಯನ್ನು ಯಾರು ಹೆಚ್ಚು ಹೊತ್ತು ತಾಳುತ್ತಾರೆಂಬುದನ್ನು ಆ ಶಿಬಿರ ಅಳೆಯಿತು. ಎದುರಾಳಿಯ ಹೆಜ್ಜೆಯನ್ನು ಯಾರು ಬೇಗ ಗುರುತಿಸುತ್ತಾರೆಂಬುದು ಬೇರೆಯ ಪ್ರಶ್ನೆ. ಗರಡಿಯ ಉಸ್ತಾದರು ಕೂಡ ಹೊಸ ಹುಡುಗನಿಗೆ ನೂರಾರು ಬಸ್ಕಿ ಹೊಡೆಸುತ್ತಾರೆ. ಆದರೆ ಅವನ ಪಟ್ಟನ್ನು ಕಂಡ ಮೇಲೆಯೇ ಅವನನ್ನು ಕುರಿತು ಮಾತನಾಡುತ್ತಾರೆ.

ಈ ಬಿಸಿಲಿನ ಪರೀಕ್ಷೆಗೆ ತೆರಬೇಕಾದ ಬೆಲೆ ಎಲ್ಲರಿಗೂ ಕಾಣುವಂತಾದದ್ದು ಬಹಳ ತಡವಾಗಿ. 2001ರ ಜುಲೈ 31ರಂದು ಮಿನೆಸೋಟ ವೈಕಿಂಗ್ಸ್ ತಂಡದ ಶಿಬಿರದಲ್ಲಿ ಕೋರಿ ಸ್ಟ್ರಿಂಗರ್ ಎಂಬ ಆಟಗಾರನು ಬಿಸಿಲಿನಲ್ಲಿ ಕುಸಿದನು, ಮರುದಿನ ತೀರಿಕೊಂಡನು. ಆತನಿಗೆ 27 ವರ್ಷ. ಆತ ಆಕ್ರಮಣ ಪಂಕ್ತಿಯವನು. ಬಿಸಿಲು ಆ ಭೇದವನ್ನು ನೋಡುವುದಿಲ್ಲ. 2003ರಲ್ಲಿ ಕಾಲೇಜುಗಳ ನಿಯಮವು, ಮೊದಲ ಐದು ದಿನ ಮೈ ಬಿಸಿಲಿಗೆ ಒಗ್ಗುವವರೆಗೆ ಅಭ್ಯಾಸ ಮೆಲ್ಲಮೆಲ್ಲನೆ ಏರಬೇಕೆಂದು ವಿಧಿಸಿತು. 2011ರ ಒಪ್ಪಂದದಲ್ಲಿ ವೃತ್ತಿಪರ ಆಟಗಾರರು, ಪೂರ್ಣ ಕವಚ ತೊಟ್ಟು ದಿನಕ್ಕೆ ಎರಡು ಬಾರಿ ಢಿಕ್ಕಿ ಹೊಡೆಯುವ ಪದ್ಧತಿಯನ್ನೇ ನಿಲ್ಲಿಸಿದರು. ಈಗ ಶಿಬಿರಕ್ಕೆ ಸುಮಾರು 90 ಮಂದಿ ಬರುತ್ತಾರೆ, ಋತುವಿನ ಆರಂಭದಲ್ಲಿ ಉಳಿಯುವವರು 53. ಅಷ್ಟು ಮಂದಿಯನ್ನು ಕಡಿಮೆ ಢಿಕ್ಕಿಗಳಲ್ಲಿ ಅಳೆಯಬೇಕಾದ್ದರಿಂದ, ತರಬೇತುದಾರರು ಹೆಚ್ಚು ಹೊತ್ತು ಚಲನಚಿತ್ರ ನೋಡುತ್ತಾರೆ, ಹೆಚ್ಚು ಹೊತ್ತು ಕಪ್ಪುಹಲಗೆಯ ಮುಂದೆ ನಿಲ್ಲುತ್ತಾರೆ.

ಆದರೆ ಕಪ್ಪುಹಲಗೆಯ ಮಾರ್ಗವೂ ಹಳೆಯದೇ, ಜಂಕ್ಷನ್ನಿನ ಸಮಕಾಲೀನವಾದುದೇ. ಇಲ್ಲಿಗೆ ನನ್ನ ಎರಡನೆಯ ಶಿಬಿರಕ್ಕೆ ಬರುತ್ತೇನೆ. ಇದು ನ್ಯೂಯಾರ್ಕ್ ಜಯಂಟ್ಸ್ ತಂಡದ್ದು. 1956ರ ಬೇಸಗೆ, ಸ್ಥಳ ವರ್ಮಾಂಟ್ ಪ್ರಾಂತ. ತಂಡದ ಮುಖ್ಯ ತರಬೇತುದಾರ ಜಿಮ್ ಲೀ ಹೊವೆಲ್. ಆತನ ಕೈಕೆಳಗೆ ಇಬ್ಬರು ಸಹಾಯಕರು: ಆಕ್ರಮಣಕ್ಕೆ ವಿನ್ಸ್ ಲೊಂಬಾರ್ಡಿ, ರಕ್ಷಣೆಗೆ ಟಾಮ್ ಲ್ಯಾಂಡ್ರಿ. ಅಂಥ ಇಬ್ಬರು ಸಹಾಯಕರು ಒಂದೇ ತಂಡದಲ್ಲಿ ಇದ್ದದ್ದು ಅಪೂರ್ವ. ಲೊಂಬಾರ್ಡಿ ಗುಡುಗುವವನು. ಲ್ಯಾಂಡ್ರಿ ಮಿತಭಾಷಿ, ಎರಡನೆಯ ಮಹಾಯುದ್ಧದಲ್ಲಿ ಬಾಂಬು ವಿಮಾನ ನಡೆಸಿದವನು, ಕೈಗಾರಿಕಾ ಎಂಜಿನಿಯರಿಂಗ್ ಪದವಿ ಪಡೆದವನು. 1950ರಲ್ಲಿ, ಆತ ಇನ್ನೂ ಆಟಗಾರನಾಗಿದ್ದಾಗಲೇ, ಅಂದಿನ ಗುರು ಸ್ಟೀವ್ ಓವೆನ್ ಹೊಸದೊಂದು ರಕ್ಷಣಾ ವ್ಯೂಹದ ಚಿತ್ರವನ್ನು ಹಲಗೆಯ ಮೇಲೆ ಬರೆದು, ಅದನ್ನು ಉಳಿದವರಿಗೆ ವಿವರಿಸುವ ಕೆಲಸವನ್ನು ಲ್ಯಾಂಡ್ರಿಗೆ ಬಿಟ್ಟನೆಂದು ಹೇಳುತ್ತಾರೆ. ಮೇಷ್ಟ್ರುತನ ಆತನಿಗೆ ಅಲ್ಲಿಯೇ ಅಂಟಿಕೊಂಡಿರಬೇಕು.

ಆ ಶಿಬಿರಕ್ಕೆ ಸ್ಯಾಮ್ ಹಫ್ ಎಂಬ ಇಪ್ಪತ್ತೊಂದರ ತರುಣನು ಬಂದನು. ವೆಸ್ಟ್ ವರ್ಜೀನಿಯದ ಫಾರ್ಮಿಂಗ್ಟನ್ ಹತ್ತಿರ, ‘ಒಂಬತ್ತನೆಯ ನಂಬರಿನ ಗಣಿ’ಯ ಕಾರ್ಮಿಕರ ಸಾಲುಮನೆಗಳಲ್ಲಿ, ನಲ್ಲಿ ನೀರಿಲ್ಲದ ಮನೆಯಲ್ಲಿ ಬೆಳೆದವನು. ತಂದೆ ಕಲ್ಲಿದ್ದಲು ತುಂಬುವವನು, ಅಣ್ಣಂದಿರೂ ಹಾಗೆಯೇ. ವಿಶ್ವವಿದ್ಯಾಲಯದಲ್ಲಿ ಪಂಕ್ತಿಯ ಮುಂದೆ ಆಡಿ ಹೆಸರು ಪಡೆದಿದ್ದನು. ಆದರೆ ವೃತ್ತಿಪರರ ನಡುವೆ ಅವನನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ಹೊವೆಲ್‌ಗೆ ತೋಚಲಿಲ್ಲ. ಇಂದು ಒಂದು ಜಾಗ, ನಾಳೆ ಇನ್ನೊಂದು. ಬೈಗುಳ ಮಾತ್ರ ದಿನವೂ ಒಂದೇ. ಶಿಬಿರದಲ್ಲಿ ಇಂಥ ಹುಡುಗನ ಸಂಕಟ ದಡ್ಡನ ಸಂಕಟಕ್ಕಿಂತ ದೊಡ್ಡದು. ದಡ್ಡನಿಗೆ ತಾನು ದಡ್ಡನೆಂದಾದರೂ ಗೊತ್ತಾಗಿರುತ್ತದೆ. ಇವನಿಗೆ ತಾನು ಏನೆಂಬುದನ್ನು ಯಾರೂ ಹೇಳಿಲ್ಲ.

ಹಫ್ ಬೇಸತ್ತು, ತನ್ನಂತೆಯೇ ಹೊಸಬನಾಗಿದ್ದ ಡಾನ್ ಚಾಂಡ್ಲರ್ ಎಂಬವನೊಡನೆ ಗಂಟುಮೂಟೆ ಕಟ್ಟಿ ವಿಮಾನ ನಿಲ್ದಾಣಕ್ಕೆ ಹೊರಟುಹೋದನು. ಅವರನ್ನು ಹಿಂದೆ ಕರೆತಂದವನು ಲೊಂಬಾರ್ಡಿ. ನಿಲ್ದಾಣಕ್ಕೆ ತಾನೇ ಹೋಗಿ, ಗದರಿಸಿಯೋ ಒಲಿಸಿಯೋ, ಇಬ್ಬರನ್ನೂ ಶಿಬಿರಕ್ಕೆ ತಂದು ಬಿಟ್ಟನು. ಹಫ್ ಆತನ ವಿಭಾಗದ ಆಟಗಾರನಾಗಿ ಉಳಿಯಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು, ಲಾಭವಾದದ್ದು ಲ್ಯಾಂಡ್ರಿಗೆ. ಜಂಕ್ಷನ್ನಿನಿಂದ ಓಡಿಹೋದವರನ್ನು ಕರೆತರಲು ಯಾರೂ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಅಲ್ಲಿ ಓಡಿಹೋಗುವುದೇ ಪರೀಕ್ಷೆಯ ಫಲಿತಾಂಶವಾಗಿತ್ತು.

ಲ್ಯಾಂಡ್ರಿ ಆಗ ಹೊಸದೊಂದು ವ್ಯೂಹವನ್ನು ಹೊಸೆಯುತ್ತಿದ್ದನು. ಮುಂದೆ ನಾಲ್ವರು ಬಗ್ಗಿ ನಿಲ್ಲುವುದು, ಅವರ ಹಿಂದೆ ಮೂವರು ನೆಟ್ಟಗೆ ನಿಲ್ಲುವುದು. ಆ ಮೂವರಲ್ಲಿ ನಡುವಿನವನಿಗೆ ಮಿಡ್ಲ್ ಲೈನ್‌ಬ್ಯಾಕರ್ ಎಂದು ಹೆಸರು. ಇದು ಪೂರ್ತಿಯಾಗಿ ಆತನೊಬ್ಬನದೇ ಕಲ್ಪನೆಯಲ್ಲ. ಷಿಕಾಗೋದ ಬಿಲ್ ಜಾರ್ಜ್ ಅದಕ್ಕೆ ಮುಂಚೆಯೇ ಮುಂದಿನ ಸಾಲಿನಿಂದ ಹಿಂದೆ ಸರಿದು ನಿಂತು ನೋಡಿದ್ದನು. ಆದರೆ ಅದನ್ನು ಶಾಸ್ತ್ರವಾಗಿ ಮಾಡಿದವನು ಲ್ಯಾಂಡ್ರಿ. ಚೆಂಡು ಹಿಡಿದವನನ್ನು ಎಲ್ಲರೂ ಅಟ್ಟಿಕೊಂಡು ಹೋಗುವುದು ಅದುವರೆಗಿನ ಸ್ವಭಾವ. ಲ್ಯಾಂಡ್ರಿ ಪ್ರತಿಯೊಬ್ಬನಿಗೂ ಒಂದೊಂದು ಸಂದನ್ನು ಕಾಯಲು ಕೊಟ್ಟನು. ಅದು ನಿನ್ನದು, ಅದನ್ನು ಬಿಟ್ಟು ಕದಲಬೇಡ ಎಂದು ಕಲಿಸಿದನು. ಚೆಂಡಿನ ಕಡೆಗೆ ಕಣ್ಣು ಹೋಗಬಾರದು. ಎದುರಿನ ಇಂಥವನ ಹೆಜ್ಜೆ ಇತ್ತ ಬಿದ್ದರೆ ಓಟ ಅತ್ತ, ಇಂಥವನು ಹಿಂದಕ್ಕೆ ಸರಿದರೆ ಎಸೆತ ಎಂದು ಲಕ್ಷಣಗಳನ್ನು ಕಲಿಸಿದನು. ಅವರ ಪರಿಭಾಷೆಯಲ್ಲಿ ಇದಕ್ಕೆ ‘ಓದುವುದು’ ಎಂದೇ ಹೆಸರು. ಈ ಮಾತನ್ನು ಮೊದಲು ಕೇಳಿದಾಗ ನನಗಾದ ಸಂತೋಷವನ್ನು ಹಳಗನ್ನಡ ಪಾಠ ಹೇಳಿದವರು ಬಲ್ಲರು. ಪದ್ಯದ ಮೊದಲ ಪದದ ಬೆಡಗಿಗೆ ಮಾರುಹೋಗಿ ಅರ್ಥ ಹೇಳಲು ಹೊರಟ ವಿದ್ಯಾರ್ಥಿ ನಾಲ್ಕನೆಯ ಪಾದದಲ್ಲಿ ಮುಗ್ಗರಿಸುತ್ತಾನೆ. ಕ್ರಿಯಾಪದ ಎಲ್ಲಿದೆಯೆಂದು ಮೊದಲು ಹುಡುಕಿ, ಅದಕ್ಕೆ ಕರ್ತೃ ಯಾವುದು, ಕರ್ಮ ಯಾವುದು ಎಂದು ಅನ್ವಯ ಮಾಡಿಕೊಂಡವನು ದಡ ಮುಟ್ಟುತ್ತಾನೆ. ಹಫ್‌ಗೆ ಲ್ಯಾಂಡ್ರಿ ಕಲಿಸಿದ್ದು ಅನ್ವಯವನ್ನೇ. ಹಗಲು ಮೈದಾನ, ಉಳಿದ ಹೊತ್ತು ಚಲನಚಿತ್ರದ ಸುರುಳಿ. ಮುಂದಿನ ಸಾಲಿನಲ್ಲಿ ಬಗ್ಗಿ ನಿಂತು ಎದುರಿನವನ ಅಂಗಿಯನ್ನಷ್ಟೇ ನೋಡುತ್ತಿದ್ದವನಿಗೆ, ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತೊಡನೆ ಇಡೀ ಮೈದಾನ ಕಾಣತೊಡಗಿತು.

ಆದರೂ ಋತು ಆರಂಭವಾದಾಗ ಆ ಸ್ಥಾನ ಅವನದಾಗಿರಲಿಲ್ಲ; ಅವನಿಗಿಂತ ಅನುಭವಿಯಾದ ರೇ ಬೆಕ್ ಅಲ್ಲಿದ್ದನು. ಅಕ್ಟೋಬರ್ ತಿಂಗಳ ಪಂದ್ಯವೊಂದರಲ್ಲಿ ಬೆಕ್‌ಗೆ ಪೆಟ್ಟಾಗಿ ಹಫ್ ಒಳಗೆ ಹೋದನು. ಶಿಬಿರದ ಕಲಿಕೆ ಫಲ ಕೊಡಲು ಇಂಥ ಆಕಸ್ಮಿಕವೂ ಬೇಕಾಗುತ್ತದೆ. ಆ ವರ್ಷದ ಡಿಸೆಂಬರ್ 30ರಂದು ಹಿಮಗಟ್ಟಿದ ಯಾಂಕೀ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ತಂಡವು ಷಿಕಾಗೋ ತಂಡವನ್ನು 47–7ರಿಂದ ಸೋಲಿಸಿ ಪ್ರಶಸ್ತಿಯನ್ನು ಗೆದ್ದಿತು. 1958ರ ಡಿಸೆಂಬರ್‌ನಲ್ಲಿ, ಆ ಕಾಲದ ಅತ್ಯಂತ ಬಲಶಾಲಿ ಓಟಗಾರನಾದ ಕ್ಲೀವ್‌ಲ್ಯಾಂಡಿನ ಜಿಮ್ ಬ್ರೌನ್‌ನನ್ನು ಈ ರಕ್ಷಣಾ ಪಡೆ ಏಳು ಓಟಗಳಲ್ಲಿ ಒಟ್ಟು ಎಂಟು ಗಜಕ್ಕೆ ಕಟ್ಟಿಹಾಕಿತು. ರಕ್ಷಕರ ಹೆಸರನ್ನೇ ಕೇಳದಿದ್ದ ಪ್ರೇಕ್ಷಕರು ‘ಡಿಫೆನ್ಸ್, ಡಿಫೆನ್ಸ್’ ಎಂದು ತಾಳಹಾಕಿ ಕೂಗುವ ವಾಡಿಕೆಗೆ ನ್ಯೂಯಾರ್ಕಿನ ಆ ಕ್ರೀಡಾಂಗಣವೇ ತವರೆನ್ನುತ್ತಾರೆ. 1960ರಲ್ಲಿ ಹಫ್‌ನ ಮೈಗೆ ಸಣ್ಣದೊಂದು ಮೈಕ್ರೋಫೋನ್ ಕಟ್ಟಿ, ಋತುಪೂರ್ವದ ಅಭ್ಯಾಸದಲ್ಲಿಯೂ ಪಂದ್ಯದಲ್ಲಿಯೂ ಕೇಳಿಬರುವ ಢಿಕ್ಕಿಯ ಸದ್ದನ್ನು ದೂರದರ್ಶನದಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಆ ಸದ್ದನ್ನು ಕೌತುಕದಿಂದ ಕೇಳಿದವರು, ಅದು ತಲೆಯೊಳಗೆ ಮಾಡುವ ಹಾನಿಯನ್ನು ಕುರಿತು ಯೋಚಿಸಲು ಇನ್ನೂ ಹಲವು ದಶಕಗಳು ಹಿಡಿದವು. ಹಫ್ ತನ್ನ ಕೊನೆಯ ವರ್ಷಗಳಲ್ಲಿ ಮರೆವಿನ ರೋಗಕ್ಕೆ ಸಿಕ್ಕಿ, 2021ರಲ್ಲಿ ತೀರಿಕೊಂಡನು.

1968ರ ನವೆಂಬರ್ 20ರಂದು ಫಾರ್ಮಿಂಗ್ಟನ್ನಿನ ಒಂಬತ್ತನೆಯ ನಂಬರಿನ ಗಣಿಯಲ್ಲಿ ಸ್ಫೋಟವಾಗಿ 78 ಮಂದಿ ಸತ್ತರು. ಹಫ್ ಆಗ ಆಟದಿಂದ ನಿವೃತ್ತನಾಗಿದ್ದನು. ಮರುವರ್ಷ ಲೊಂಬಾರ್ಡಿ ವಾಷಿಂಗ್ಟನ್ ತಂಡದ ಗುರುವಾಗಿ ಬಂದಾಗ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಹಫ್ ಮತ್ತೆ ಕವಚ ತೊಟ್ಟು, ಬೇಸಗೆಯ ಶಿಬಿರಕ್ಕೆ ಹೊಸಬರ ಜೊತೆಯಲ್ಲಿ ಹೋದನು.